ದೀಪ 400 ವ್ಯಾಟ್, ಕರೆಂಟ್ ಎಷ್ಟು?

ಮುಂಬೈ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಹಳೆಯ ಶೆಡ್ಡೊಂದಕ್ಕೆ ಎಲ್‌ಇಡಿ ಇನ್ನೂ ಕಾಲಿಡದಿದ್ದರೆ, ಎತ್ತರದ ಛಾವಣಿಯಿಂದ ತೂಗುವ ಬಿಳಿ ದೀಪಗಳು ಮೆಟಲ್ ಹ್ಯಾಲೈಡ್ ಇರಬಹುದು. 400 ವ್ಯಾಟಿನ ಅಂಥ ಒಂದು ದೀಪ ಎಷ್ಟು ಕರೆಂಟ್ ಎಳೆಯುತ್ತದೆ? 400ನ್ನು 230 ವೋಲ್ಟಿನಿಂದ ಭಾಗಿಸಿದರೆ 1.74 ಆಂಪಿಯರ್. ಭಾಗಾಕಾರ ಸರಿ, ಉತ್ತರ ತಪ್ಪು.

ಈ ದೀಪದಲ್ಲಿ ಕಾದು ಕೆಂಪಗಾಗುವ ತಂತಿಯಿಲ್ಲ. ಹೊರಗಾಜಿನ ಒಳಗೊಂದು ಚಿಕ್ಕ ಕ್ವಾರ್ಟ್ಜ್ ಕೊಳವೆ. ಅದರಲ್ಲಿ ಆರ್ಗಾನ್ ಅನಿಲ, ಚೂರು ಪಾದರಸ, ಸೋಡಿಯಂ, ಸ್ಕ್ಯಾಂಡಿಯಂನಂಥ ಲೋಹಗಳ ಅಯೊಡೈಡ್ ಲವಣ. ತಣ್ಣಗಿರುವ ಆರ್ಗಾನ್‌ನಲ್ಲಿ ವಿದ್ಯುತ್ ಹರಿಯದು. ಆದ್ದರಿಂದ ಇಗ್ನೈಟರ್ ಎಂಬ ಪುಟ್ಟ ಡಬ್ಬಿ 3ರಿಂದ 5 ಸಾವಿರ ವೋಲ್ಟಿನ ಕ್ಷಣಿಕ ಹೊಡೆತ ಕೊಡುತ್ತದೆ. ಕಿಡಿ ಹತ್ತುತ್ತದೆ. ಒಮ್ಮೆ ಹತ್ತಿತೆಂದರೆ ಅನಿಲದ ತಡೆ ಕುಸಿಯುತ್ತದೆ. ಹಿಡಿಯಲು ಚೋಕ್ ಎಂಬ ತಂತಿಸುರುಳಿ ಇಲ್ಲದಿದ್ದರೆ ಕರೆಂಟ್ ಏರುತ್ತ ಹೋಗಿ ದೀಪವೇ ಸಿಡಿದೀತು.

ಆರಂಭದಲ್ಲಿ ಕೊಳವೆಯ ಎರಡು ತುದಿಗಳ ನಡುವೆ ಇರುವುದು ಸುಮಾರು 20 ವೋಲ್ಟ್ ಮಾತ್ರ. ಉಳಿದ ವೋಲ್ಟೇಜೆಲ್ಲ ಚೋಕಿನ ಮೇಲೆ. ಆಗ ದೀಪದಲ್ಲಿ 4 ಆಂಪಿಯರ್‌ಗೂ ಮಿಕ್ಕಿ ಕರೆಂಟ್ ಹರಿಯುತ್ತದೆ. ಆದರೆ ಅದಕ್ಕೆ ದಕ್ಕುವುದು ನೂರು ವ್ಯಾಟಿನ ಆಸುಪಾಸು. ಕರೆಂಟ್ ಅತಿ ಹೆಚ್ಚು, ಬೆಳಕು ಅತಿ ಕಡಿಮೆ! ಮೂರರಿಂದ ಐದು ನಿಮಿಷದಲ್ಲಿ ಪಾದರಸ, ಲವಣಗಳು ಆವಿಯಾಗಿ ಒತ್ತಡ ಏರುತ್ತದೆ. ನಸುನೀಲಿ ಬೆಳಕು ಬಿಳಿಗೆ ತಿರುಗುತ್ತದೆ. ವೋಲ್ಟೇಜ್ 125ರ ಹತ್ತಿರ ಬಂದು, ಕರೆಂಟ್ 3.25 ಆಂಪಿಯರ್‌ಗೆ ಇಳಿದು ನಿಲ್ಲುತ್ತದೆ. ಎರಡನ್ನೂ ಗುಣಿಸಿ ನೋಡಿ, 400 ವ್ಯಾಟ್ ತಾಳೆಯಾಗುತ್ತದೆ.

ಹಾಗಾದರೆ ಲೈನಿನಲ್ಲೂ 3.25 ಆಂಪಿಯರೇ? ಕೆಪಾಸಿಟರ್ ಇಲ್ಲದಿದ್ದರೆ ಹೌದು. ಸರಿಯಾದ ಕೆಪಾಸಿಟರ್ ಇದ್ದರೆ ಚೋಕಿನಿಂದ ತಗ್ಗಿದ ಪವರ್ ಫ್ಯಾಕ್ಟರ್ (ಹರಿಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸುಧಾರಿಸಿ, ಲೈನಿನ ಕರೆಂಟ್ 2 ಆಂಪಿಯರ್ ಚಿಲ್ಲರೆಗೆ ಇಳಿಯುತ್ತದೆ. ಎಲೆಕ್ಟ್ರಿಷಿಯನ್ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದಾಗ ಬೆಳಗುತ್ತಿರುವ ದೀಪದ ಲೈನಿನಲ್ಲಿ 3 ಆಂಪಿಯರ್ ದಾಟಿದರೆ, ಮೊದಲ ಅನುಮಾನ ಕೆಪಾಸಿಟರ್ ಮೇಲೆ.

ಮಳೆಗಾಲದಲ್ಲಿ ಕರೆಂಟ್ ಕಣ್ಣು ಮಿಟುಕಿಸಿದರೆ ಇನ್ನೊಂದು ಫಜೀತಿ. ಬಿಸಿ ಕೊಳವೆಯಲ್ಲಿ ಒತ್ತಡ ಹೆಚ್ಚಿರುವುದರಿಂದ ಮಾಮೂಲಿ ಇಗ್ನೈಟರಿನ ಹೊಡೆತ ಸಾಲದು, ತಣಿಯುವವರೆಗೆ ಕಾಯಲೇಬೇಕು. 2013ರ ಫೆಬ್ರವರಿ 3ರಂದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯ ಕರೆಂಟ್ ಹೋಗಿ 34 ನಿಮಿಷ ನಿಂತಾಗ, ಕ್ರೀಡಾಂಗಣದ ಮೆಟಲ್ ಹ್ಯಾಲೈಡ್ ದೀಪಗಳು ತಣಿದು ಮತ್ತೆ ಬೆಳಗಲು ಬೇಕಾದ ಹೊತ್ತೂ ಅದರಲ್ಲಿ ಸೇರಿತ್ತು.

ನವರಾತ್ರಿಯ ಮೈದಾನವಿರಲಿ, ಕಾರ್ಖಾನೆಯಿರಲಿ, ಹೊತ್ತುವಾಗ ಕರೆಂಟ್ ಹೆಚ್ಚಿರುವುದರಿಂದ ಇಂಥ ದೀಪಗಳನ್ನು ಒಟ್ಟಿಗೆ ಹಾಕದೆ ಸಾಲುಸಾಲಾಗಿ ಹೊತ್ತಿಸುವುದು ಜಾಣತನ. ವೈರ್, ಎಂಸಿಬಿ, ಜನರೇಟರ್ ಆರಿಸುವಾಗ ಬಲ್ಬಿನ ಮೇಲಿನ ವ್ಯಾಟ್ ಮಾತ್ರ ನೋಡಿದರೆ ಸಾಲದು, ಚೋಕಿನ ಮೇಲೆ ಬರೆದಿರುವ ಆಂಪಿಯರನ್ನೂ ಓದಬೇಕು.