ಒಂದೇ ಅಡುಗೆಮನೆ, ಲಕ್ಷ ಮೆನು

ಐನೂರು ಗ್ಯಾಲನ್ ವಿನೆಗರ್! ಅಂದರೆ ಸುಮಾರು 1,900 ಲೀಟರ್. ತೂಕ ಇಳಿಸಲು ಹೊರಟ ಗಣಿತಜ್ಞರೊಬ್ಬರಿಗೆ ಕಂಪ್ಯೂಟರ್ ಬರೆದುಕೊಟ್ಟ ಪಥ್ಯದ ಚೀಟಿಯಲ್ಲಿ ಇದೂ ಒಂದು ಪದಾರ್ಥವಾಗಿತ್ತು.

ಅದು 1950ರ ದಶಕದ ಆರಂಭ, ಜಾಗ ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆ. ಗಣಿತಜ್ಞರ ಹೆಸರು ಜಾರ್ಜ್ ಡ್ಯಾನ್‌ಟ್ಜಿಗ್. ನೂರಾರು ಷರತ್ತುಗಳ ನಡುವೆ ಅತ್ಯುತ್ತಮ ಉತ್ತರ ಹುಡುಕುವ 'ಸಿಂಪ್ಲೆಕ್ಸ್' ವಿಧಾನವನ್ನು ಜಗತ್ತಿಗೆ ಕೊಟ್ಟವರು ಇವರೇ. ತೂಕ ಇಳಿಸಿ ಎಂದು ವೈದ್ಯರು ಹೇಳಿದಾಗ, ಅದನ್ನೂ ಯಂತ್ರದ ಲೆಕ್ಕಕ್ಕೇ ಬಿಟ್ಟರು. ಕ್ಯಾಲರಿ ಮೀರಬಾರದು, ಹೊಟ್ಟೆ ಮಾತ್ರ ತುಂಬಿದಂತಿರಬೇಕು. ಹೊಟ್ಟೆ ತುಂಬುವುದನ್ನು ಅಳೆಯುವುದು ಹೇಗೆ? ಆಹಾರದ ತೂಕದಲ್ಲಿ ನೀರಿನ ಪಾಲನ್ನು ಕಳೆದರಾಯಿತು ಎಂದುಕೊಂಡರು. ಅವರ ಕೋಷ್ಟಕದಲ್ಲಿ ವಿನೆಗರಿನ ನೀರಿನ ಪಾಲು ಸೊನ್ನೆ ಎಂದಿತ್ತು! ಕ್ಯಾಲರಿಯೂ ಇಲ್ಲ, ನೀರೂ ಇಲ್ಲ, ತೂಕ ಮಾತ್ರ ಇದೆ. ಯಂತ್ರಕ್ಕೆ ಇನ್ನೇನು ಬೇಕು? ವಿನೆಗರನ್ನು ಪಟ್ಟಿಯಿಂದ ತೆಗೆದರೆ, ಉಪ್ಪು ತುಂಬಿದ ಸೂಪ್ ಬಿಲ್ಲೆಗಳನ್ನು ದಿನಕ್ಕೆ 200 ತಿನ್ನಿ ಎಂದಿತು. ಉಪ್ಪಿಗೆ ಮೇಲ್ಮಿತಿ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದಕ್ಕೂ ಮಿತಿ ಹಾಕಿದರೆ ತೌಡನ್ನು ಮುಂದೆ ತಂದಿಟ್ಟಿತು. ಕೊನೆಗೆ ಪತ್ನಿ ಆ್ಯನ್ ಯಂತ್ರದ ಚೀಟಿಗಳನ್ನೆಲ್ಲ ಓದಿ, ಒಳ್ಳೆಯದನ್ನಷ್ಟೇ ಆರಿಸಿ, ಉಳಿದದ್ದನ್ನು ತಮ್ಮ ಬುದ್ಧಿಯಿಂದ ತುಂಬಿ ಅಡುಗೆ ಮಾಡಿ ಬಡಿಸಿದರು. ಡ್ಯಾನ್‌ಟ್ಜಿಗ್ 22 ಪೌಂಡ್, ಎಂದರೆ ಸುಮಾರು ಹತ್ತು ಕಿಲೋ ಇಳಿದರು!

ನಗು ಬರುತ್ತದೆ, ನಿಜ. ಆದರೆ ಇಂದು ಫೋನಿನಲ್ಲಿ ಕ್ಯೂಆರ್ ಕೋಡ್ ಹಿಡಿದೊಡನೆ ನಮಗೆ ಆಗದ ತಿಂಡಿಗಳನ್ನೆಲ್ಲ ಸರಿಸಿ, ಆಗುವುದನ್ನು ಮಾತ್ರ ತೋರಿಸುವ ಹೋಟೆಲ್ ಮೆನುಗಳ ಮೂಲ ಇಲ್ಲಿಯೇ ಇದೆ. ಹಿಂದಕ್ಕೆ ಹೋದಷ್ಟೂ ಕಥೆ ಬೆರಗು ಹುಟ್ಟಿಸುತ್ತದೆ.

ಡ್ಯಾನ್‌ಟ್ಜಿಗ್ ಅವರಿಗಿಂತ ಮೊದಲೇ, 1945ರಲ್ಲಿ, ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಒಂದು ಪ್ರಶ್ನೆ ಎತ್ತಿದ್ದರು. ಒಬ್ಬ ಮನುಷ್ಯ ಆರೋಗ್ಯವಾಗಿ ಬದುಕಲು ವರ್ಷಕ್ಕೆ ಕನಿಷ್ಠ ಎಷ್ಟು ಖರ್ಚಿನ ಆಹಾರ ಸಾಕು? 77 ಆಹಾರಗಳು, 9 ಪೋಷಕಾಂಶಗಳು. ಆಗ ಇದಕ್ಕೆ ಪಕ್ಕಾ ವಿಧಾನವೇ ಇರಲಿಲ್ಲ. ಬುದ್ಧಿ ಓಡಿಸಿ, ಅಂದಾಜು ಹಾಕಿ, 1939ರ ಬೆಲೆಯಲ್ಲಿ 39.93 ಡಾಲರ್ ಎಂದರು. ಪಟ್ಟಿಯಲ್ಲಿದ್ದದ್ದು ಗೋಧಿ ಹಿಟ್ಟು, ಡಬ್ಬಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್ ಕಾಳು, ಇಷ್ಟೇ! ಎರಡು ವರ್ಷದ ನಂತರ ಹೊಸ ಸಿಂಪ್ಲೆಕ್ಸ್ ವಿಧಾನದಲ್ಲಿ ಅದೇ ಲೆಕ್ಕವನ್ನು ಮತ್ತೆ ಮಾಡಲಾಯಿತು. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳ ಮುಂದೆ ಒಂಬತ್ತು ಗುಮಾಸ್ತರು ಕೂತರು. ಎಲ್ಲರ ಕೆಲಸ ಕೂಡಿಸಿದರೆ 120 ಆಳುದಿನ. ಬಂದ ಉತ್ತರ 39.69 ಡಾಲರ್. ಸ್ಟಿಗ್ಲರ್ ಅವರ ಅಂದಾಜು ತಪ್ಪಿದ್ದು ಬರೀ 24 ಸೆಂಟ್! ಅಂದು ಒಂಬತ್ತು ಮಂದಿ ಬೆವರು ಸುರಿಸಿ ಮಾಡಿದ ಲೆಕ್ಕವನ್ನು ನಮ್ಮ ಜೇಬಿನ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಆದರೆ ವರ್ಷವಿಡೀ ಎಲೆಕೋಸು, ಕಾಳು ತಿನ್ನುವವರು ಯಾರು? ಅದಕ್ಕೆ ಉತ್ತರ ಹುಡುಕಿದವರು ಅಮೆರಿಕದ ಟ್ಯುಲೇನ್ ವಿಶ್ವವಿದ್ಯಾಲಯದ ಜೋಸೆಫ್ ಬಾಲಿಂಟ್‌ಫಿ. 1964ರಲ್ಲಿ ಅವರು ಆಸ್ಪತ್ರೆ ಊಟದ ಮೆನುವನ್ನು ಕಂಪ್ಯೂಟರಿನಿಂದ ಮಾಡಿಸುವ ಬಗೆಯನ್ನು ಬರೆದರು. ಗೋಧಿ, ಹಾಲು ಎಂದು ಬಿಡಿಬಿಡಿಯಾಗಿ ಹೇಳುವುದನ್ನು ಬಿಟ್ಟು, ಇಡೀ ಖಾದ್ಯಗಳನ್ನೇ ಲೆಕ್ಕಕ್ಕೆ ತಂದರು. ಬಡಿಸಿದ್ದನ್ನೇ ಮತ್ತೆ ಇಂತಿಷ್ಟು ದಿನ ಬಡಿಸಬಾರದು ಎಂಬ ನಿಯಮವನ್ನೂ ಸೇರಿಸಿದರು. ನಾಲಿಗೆಗೂ ಬೇಸರವಾಗುತ್ತದೆ ಎಂಬ ಸತ್ಯ ಸಮೀಕರಣದೊಳಗೆ ಬಂದು ಕೂತಿತು!

ಈಗ ಇಂದಿನ ಹೋಟೆಲಿಗೆ ಬರೋಣ. ತಂತ್ರಾಂಶ ಮಾಡುವ ಕೆಲಸ ಮೇಲ್ನೋಟಕ್ಕೆ ಸರಳ. ಗ್ರಾಹಕ ತನಗೇನು ಆಗದು ಎಂದು ಗುರುತು ಹಾಕುತ್ತಾನೆ, ಮೆನು ಬದಲಾಗುತ್ತದೆ. ಒಳಗೆ ಇಣುಕಿದರೆ ಅಚ್ಚರಿ ಕಾದಿದೆ. ಪ್ರತಿ ಖಾದ್ಯಕ್ಕೂ ಅಲ್ಲೊಂದು ವಂಶವೃಕ್ಷವಿದೆ. ಮಸಾಲೆ ದೋಸೆಯ ಕೆಳಗೆ ಹಿಟ್ಟು, ಪಲ್ಯ, ಕೆಂಪು ಚಟ್ನಿ, ಸಾಂಬಾರ್. ಸಾಂಬಾರಿನ ಕೆಳಗೆ ಬೇಳೆ, ಹುಣಸೆ, ಪುಡಿ, ಒಗ್ಗರಣೆ. ಒಗ್ಗರಣೆಯ ಕೆಳಗೆ ಎಣ್ಣೆ, ಸಾಸಿವೆ, ಕರಿಬೇವು, ಇಂಗು. ಇಂಗಿನ ಕೆಳಗೆ?

ಇಲ್ಲಿ ನಿಲ್ಲಿ. ನಾವು ಅಂಗಡಿಯಲ್ಲಿ ಕೊಳ್ಳುವ ಪುಡಿ ಇಂಗು ಶುದ್ಧ ಇಂಗಲ್ಲ. ಅಂಟುಗಟ್ಟುವ, ಘಾಟಾದ ಆ ಗೋಂದನ್ನು ಹಗುರಗೊಳಿಸಲು ಹಿಟ್ಟು ಬೆರೆಸಿರುತ್ತಾರೆ. ಅನೇಕ ಬ್ರ್ಯಾಂಡ್‌ಗಳಲ್ಲಿ ಅದು ಗೋಧಿ ಹಿಟ್ಟು ಅಥವಾ ಮೈದಾ! ಗೋಧಿಯ ಗ್ಲುಟೆನ್ ಕರುಳಿಗೆ ಹೋದೊಡನೆ ದೇಹವೇ ತನ್ನ ಸಣ್ಣಕರುಳಿನ ಒಳಪದರದ ಮೇಲೆ ದಾಳಿ ಮಾಡುವ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು. ಅದಕ್ಕಿರುವ ಚಿಕಿತ್ಸೆ ಒಂದೇ, ಜೀವನಪೂರ್ತಿ ಗ್ಲುಟೆನ್ ಬಿಡುವುದು. 'ಗ್ಲುಟೆನ್ ಇಲ್ಲ' ಎಂದು ಹೇಳಿಕೊಳ್ಳಬೇಕಾದರೆ ಒಂದು ಕಿಲೋ ಆಹಾರದಲ್ಲಿ ಅದು 20 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಆಹಾರ ಸಂಹಿತೆ. ಅಕ್ಕಿ, ಉದ್ದಿನ ಇಡ್ಲಿ ತಾನೇ, ಗೋಧಿ ಎಲ್ಲಿಂದ ಬಂತು ಎಂದು ಆ ರೋಗಿ ಧೈರ್ಯವಾಗಿ ಸಾಂಬಾರಿನಲ್ಲಿ ಅದ್ದಿ ತಿನ್ನುತ್ತಾನೆ. ಇಂಗಿನ ಚಿಟಿಕೆಯೊಳಗೆ ಮೈದಾ ಕೂತಿದೆ ಎಂದು ಅವನಿಗೂ ಗೊತ್ತಿಲ್ಲ, ಬಡಿಸಿದ ಸಪ್ಲೈಯರ್‌ಗೂ ಗೊತ್ತಿಲ್ಲ, ಎಷ್ಟೋ ಸಲ ಭಟ್ಟರಿಗೂ ಗೊತ್ತಿರುವುದಿಲ್ಲ. ಆದರೆ ವಂಶವೃಕ್ಷದ ಬುಡದಲ್ಲಿ ಇಂಗಿನ ಡಬ್ಬಿಯ ವಿವರ ಬರೆದಿಟ್ಟಿದ್ದರೆ ತಂತ್ರಾಂಶಕ್ಕೆ ಗೊತ್ತಿರುತ್ತದೆ. ಇಂದು ಸ್ಟೋರಿಗೆ ಬೇರೆ ಬ್ರ್ಯಾಂಡಿನ ಇಂಗು ಬಂತೇ? ಡಬ್ಬಿಯ ವಿವರ ತಿದ್ದಿದ ಮರುಕ್ಷಣ ಸಾಂಬಾರ್, ರಸಂ, ಬಿಸಿಬೇಳೆಬಾತ್, ಪುಳಿಯೋಗರೆ ಎಲ್ಲದರ ಗುರುತೂ ಒಮ್ಮೆಲೇ ಬದಲಾಗುತ್ತದೆ!

ಇನ್ನೊಂದು ಸೋಜಿಗ ಕೇಳಿ. ಯುರೋಪಿನ ಒಕ್ಕೂಟ 2014ರ ಡಿಸೆಂಬರ್ 13ರಿಂದ ಹೋಟೆಲುಗಳೂ 14 ಬಗೆಯ ಅಲರ್ಜಿ ಪದಾರ್ಥಗಳ ಬಗ್ಗೆ ಗ್ರಾಹಕರಿಗೆ ಮಾಹಿತಿ ಕೊಡಲೇಬೇಕು ಎಂದು ಕಡ್ಡಾಯ ಮಾಡಿತು. ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಶೇಂಗಾ, ಗೋಡಂಬಿ-ಬಾದಾಮಿಗಳ ಜೊತೆ ಅದರಲ್ಲಿ ಎಳ್ಳಿದೆ, ಸಾಸಿವೆಯೂ ಇದೆ. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೂ ಈ ಪಟ್ಟಿಯನ್ನು ಉಳಿಸಿಕೊಂಡಿದೆ. ಹಾಗಾಗಿ ಲಂಡನ್ನಿನಲ್ಲಿ ದಕ್ಷಿಣ ಭಾರತದ ಹೋಟೆಲು ನಡೆಸುವವರಿಗೆ ಒಗ್ಗರಣೆಯೇ ಒಂದು ಘೋಷಣೆ. ಸಾಸಿವೆ ಸಿಡಿದ ಪ್ರತಿ ಪಲ್ಯ, ಚಟ್ನಿ, ಚಿತ್ರಾನ್ನಕ್ಕೂ ಗುರುತು ಬೀಳಬೇಕು. ನಮ್ಮ ದೇಶದ ಅಲರ್ಜಿ ಪಟ್ಟಿಯಲ್ಲಿ ಎಳ್ಳೂ ಇಲ್ಲ, ಸಾಸಿವೆಯೂ ಇಲ್ಲ.

ಈ ಹದಿನಾಲ್ಕರಲ್ಲಿ ಒಂದೊಂದಕ್ಕೂ ಆಗುತ್ತದೆ, ಆಗದು ಎಂಬ ಎರಡೇ ಉತ್ತರ. ಎರಡನ್ನು ಹದಿನಾಲ್ಕು ಸಲ ಗುಣಿಸುತ್ತ ಹೋಗಿ. 16,384! ಒಂದೇ ಅಡುಗೆಮನೆಯಿಂದ ಅಷ್ಟು ಬಗೆಯ ಮೆನು ಕಾರ್ಡ್. ಅದಕ್ಕೆ ನಮ್ಮ ಕಡೆಯ ಮೂರನ್ನು ಸೇರಿಸಿ: ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಜೈನರಿಗೆ ಗೆಡ್ಡೆಗೆಣಸು ಬೇಡ. ಲೆಕ್ಕ 1,31,072ಕ್ಕೆ ಏರುತ್ತದೆ. ಇಷ್ಟು ಕಾರ್ಡುಗಳನ್ನು ಯಾವ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸುತ್ತೀರಿ? ಯಾವ ಮಾಣಿ ನೆನಪಿಟ್ಟುಕೊಳ್ಳುತ್ತಾನೆ?

ಬೇಕು-ಬೇಡಗಳ ಅಡುಗೆ ನಮಗೆ ಹೊಸದೇನಲ್ಲ. ಮಾಧ್ವ ಮಠಗಳ, ಮನೆಗಳ ಚಾತುರ್ಮಾಸ್ಯವನ್ನೇ ನೋಡಿ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ತಿಂಗಳಿಗೊಂದು ನಿಯಮ, ಆ ನಿಯಮದೊಳಗೇ ರುಚಿಕಟ್ಟಾದ ಅಡುಗೆ ಮಾಡುವ ಬಾಣಸಿಗರು! ಆದರೆ ಅಲ್ಲಿ ಇಡೀ ಪಂಕ್ತಿಗೆ ಒಂದೇ ನಿಯಮ. ಈಗ ಪ್ರತಿ ಎಲೆಗೂ ಅದರದೇ ನಿಯಮ.

ಲಂಡನ್ನಿನಲ್ಲಿ 2016ರಲ್ಲಿ ಬಾಗಿಲು ತೆರೆದ ವೀಟಾ ಮೋಜೊ ಎಂಬ ಹೋಟೆಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅನ್ನ ಎಷ್ಟು ಗ್ರಾಂ, ಕೋಳಿ ಎಷ್ಟು ಗ್ರಾಂ, ತರಕಾರಿ ಎಷ್ಟು ಗ್ರಾಂ ಎಂಬುದನ್ನು ಗ್ರಾಹಕನೇ ಪರದೆಯ ಮೇಲೆ ಬೆರಳಾಡಿಸಿ ತೀರ್ಮಾನಿಸುತ್ತಿದ್ದ. ಬೆರಳು ಸರಿದಂತೆ ಕ್ಯಾಲರಿ, ಪ್ರೋಟೀನ್ ಎಲ್ಲ ಕಣ್ಣೆದುರೇ ಏರಿಳಿಯುತ್ತಿದ್ದವು. ಮುಂದೆ ಆ ಕಂಪನಿ ಊಟ ಬಡಿಸುವುದನ್ನೇ ಬಿಟ್ಟು, ತನ್ನ ತಂತ್ರಾಂಶವನ್ನು ಬೇರೆ ಹೋಟೆಲುಗಳಿಗೆ ಮಾರಲು ಹೊರಟಿತು. ಅಡುಗೆಗಿಂತ ಅಡುಗೆಯ ಲೆಕ್ಕಕ್ಕೇ ಗಿರಾಕಿ ಹೆಚ್ಚು!

ಇದಕ್ಕಿಂತ ದೊಡ್ಡ ಬೆರಗು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಿಂದ ಬಂತು. ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎನ್ನಲು 1981ರಿಂದ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಂಕಿ ಬಳಕೆಯಲ್ಲಿದೆ. ಒಂದು ಆಹಾರಕ್ಕೆ ಒಂದು ಅಂಕಿ, ಎಲ್ಲರಿಗೂ ಅದೇ. ಎರಾನ್ ಸೆಗಲ್, ಎರಾನ್ ಎಲಿನಾವ್ ತಂಡ 800 ಜನರ ಮೈಗೆ ವಾರವಿಡೀ ಗ್ಲೂಕೋಸ್ ಸೆನ್ಸರ್ ಅಂಟಿಸಿತು. 46,898 ಊಟಗಳ ಲೆಕ್ಕ ಹಿಡಿಯಿತು. 2015ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಬಂದ ಫಲಿತಾಂಶ ನೋಡಿ: ಒಬ್ಬರಿಗೆ ಬಾಳೆಹಣ್ಣು ತಿಂದರೆ ಸಕ್ಕರೆ ಜಿಗಿಯುತ್ತದೆ, ಬಿಸ್ಕತ್ತು ತಿಂದರೆ ಇಲ್ಲ. ಇನ್ನೊಬ್ಬರಿಗೆ ಸರಿಯಾಗಿ ಅದರ ತಿರುವುಮುರುವು! ಕರುಳಿನ ಸೂಕ್ಷ್ಮಜೀವಿಗಳು, ರಕ್ತಪರೀಕ್ಷೆ, ದೇಹದ ಅಳತೆ, ಓಡಾಟ ಎಲ್ಲವನ್ನೂ ಕೊಟ್ಟು ಕಂಪ್ಯೂಟರಿಗೆ ಕಲಿಸಿದರು. ಅದು ಹಿಂದೆಂದೂ ನೋಡದ ಹೊಸ 100 ಜನರ ಸಕ್ಕರೆ ಹೇಗೆ ಏರಿಳಿಯುತ್ತದೆ ಎಂದು ಊಹಿಸಿ ಹೇಳಿತು. 2020ರಲ್ಲಿ ಬ್ರಿಟನ್ನಿನ ಪ್ರೆಡಿಕ್ಟ್ ಅಧ್ಯಯನ ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತು. ಒಂದೇ ಊಟಕ್ಕೆ ಏಕರೂಪಿ ಅವಳಿಗಳ ದೇಹವೂ ಬೇರೆಬೇರೆಯಾಗಿ ಸ್ಪಂದಿಸಿತು! ಸಕ್ಕರೆ ಕಾಯಿಲೆಯವರಿಗೆಂದು ಒಂದೇ ಮೆನು ಅಚ್ಚು ಹಾಕಿಸಿದರೆ ಸಾಲದು ಎಂದಾಯಿತಲ್ಲ!

ಇಷ್ಟೆಲ್ಲ ಲೆಕ್ಕಕ್ಕೆ ಬುನಾದಿ ಬೇಕು. ಹೆಮ್ಮೆಯ ಮಾತೆಂದರೆ ಆ ಬುನಾದಿ ನಮ್ಮಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ದೇಶದ ಆರು ವಲಯಗಳ ಮಾದರಿಗಳನ್ನು ಪರೀಕ್ಷಿಸಿ, 528 ಆಹಾರಗಳಲ್ಲಿ 151 ಅಂಶಗಳ ಕೋಷ್ಟಕ ಪ್ರಕಟಿಸಿತು. ರಾಗಿ, ಹುರುಳಿ, ನುಗ್ಗೆಸೊಪ್ಪು ಎಲ್ಲವೂ ಅದರಲ್ಲಿವೆ. ಆದರೆ ಅದು ಹೇಳುವುದು ಹಸಿ ಪದಾರ್ಥದ ಕಥೆ. ಅಕ್ಕಿ ಬೆಂದಾಗ ಎಷ್ಟು ನೀರು ಕುಡಿಯಿತು, ವಡೆ ಎಷ್ಟು ಎಣ್ಣೆ ಹೀರಿತು, ಸೊಪ್ಪು ಬೆಂದು ಎಷ್ಟು ವಿಟಮಿನ್ ಕಳೆಯಿತು ಎಂಬುದನ್ನು ಆಯಾ ಅಡುಗೆಮನೆಯಲ್ಲೇ ತೂಗಿ, ಲೆಕ್ಕ ಹಾಕಿ ಸೇರಿಸಬೇಕು.

ಕಾನೂನೂ ಬಂದಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ, ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲರಿ ತೋರಿಸಬೇಕು, ಅಲರ್ಜಿ ಮಾಹಿತಿಯನ್ನೂ ಕೊಡಬೇಕು. ಜೊತೆಗೆ ವಯಸ್ಕರಿಗೆ ದಿನಕ್ಕೆ ಸರಾಸರಿ 2,000 ಕಿಲೋ ಕ್ಯಾಲರಿ ಬೇಕು, ಅದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬಹುದು ಎಂಬ ಸಾಲೂ ಇರಬೇಕು. ನಮ್ಮ ಬಹುಪಾಲು ದರ್ಶಿನಿ, ಖಾನಾವಳಿ, ಮಿಲಿಟರಿ ಹೋಟೆಲುಗಳು ಒಂಟಿ ಅಂಗಡಿಗಳು. ಅವು ಈ ನಿಯಮದ ಹೊರಗೇ ಉಳಿದಿವೆ.

ತಂತ್ರಾಂಶಕ್ಕೆ ಕಾಣದ್ದೂ ಒಂದಿದೆ. ಗೋಬಿ ಮಂಚೂರಿ ಕರಿದ ಬಾಣಲೆಗೇ ಆಲೂಗಡ್ಡೆ ಚಿಪ್ಸ್ ಬಿದ್ದರೆ, ಎಣ್ಣೆಯಲ್ಲಿ ತೇಲುವ ಮೈದಾ ಚಿಪ್ಸಿಗೂ ಹತ್ತುತ್ತದೆ. ಆಮ್ಲೆಟ್ ಹಾಕಿದ ಕಾವಲಿಯ ಮೇಲೆ ದೋಸೆ ಹುಯ್ದರೆ ಮೊಟ್ಟೆ ದೋಸೆಗೂ ಬರುತ್ತದೆ. ಯಾರಾದರೂ ಬರೆದಿಡದಿದ್ದರೆ ಇದು ಯಂತ್ರಕ್ಕೆ ತಿಳಿಯುವುದಿಲ್ಲ. ಖಾದ್ಯದ ಹೆಸರು ನೋಡಿ ಒಳಗೇನಿದೆ ಎಂದು ಊಹಿಸುವ ಕೃತಕ ಬುದ್ಧಿಮತ್ತೆಯೂ ಈಗ ಬಂದಿದೆ. ಅಲರ್ಜಿಯ ವಿಷಯದಲ್ಲಿ ಊಹೆ ಸಾಲದು. 2016ರಲ್ಲಿ ಬ್ರಿಟನ್ನಿನ ಹದಿನೈದು ವರ್ಷದ ನತಾಶಾ ಎಂಬ ಹುಡುಗಿ, ಬ್ರೆಡ್ಡಿನ ಹಿಟ್ಟಿನೊಳಗೆ ಕಣ್ಣಿಗೆ ಕಾಣದಂತೆ ಬೆರೆತಿದ್ದ ಎಳ್ಳಿನಿಂದ ಪ್ರಾಣ ಕಳೆದುಕೊಂಡಳು. ಲೇಬಲ್ಲಿನಲ್ಲಿ ಎಳ್ಳಿನ ಸುದ್ದಿಯೇ ಇರಲಿಲ್ಲ. ಅಂಗಡಿಯಲ್ಲೇ ತಯಾರಿಸಿ ಕಟ್ಟಿಟ್ಟು ಮಾರುವ ತಿನಿಸಿನ ಮೇಲೂ ಎಲ್ಲ ಪದಾರ್ಥಗಳ ಹೆಸರು ಇರಲೇಬೇಕೆಂಬ ಕಾನೂನು ಅವಳ ಹೆಸರಿನಲ್ಲಿ 2021ರ ಅಕ್ಟೋಬರ್ 1ರಂದು ಜಾರಿಗೆ ಬಂತು.

ಹಾಗಾಗಿ ಈ ಬೆರಗಿನ ಕೀಲಿಕೈ ಕಂಪ್ಯೂಟರಿನಲ್ಲಿಲ್ಲ, ಅಡುಗೆಮನೆಯ ಪ್ರಾಮಾಣಿಕತೆಯಲ್ಲಿದೆ. ಕೋಷ್ಟಕದ ಒಂದು ಸುಳ್ಳು ಸೊನ್ನೆ ವಿನೆಗರ್ ಕುಡಿಸಲು ಹೊರಟಿತು, ಲೇಬಲ್ಲಿನ ಒಂದು ಮೌನ ಜೀವವನ್ನೇ ತೆಗೆಯಿತು. ಹೋಟೆಲು ನಡೆಸುವವರೇ, ದುಬಾರಿ ತಂತ್ರಾಂಶ ಕೊಳ್ಳುವುದಕ್ಕೆ ಮೊದಲು ಒಂದು ನೋಟ್‌ಬುಕ್ ಕೊಳ್ಳಿ. ಪ್ರತಿ ತಿಂಡಿಗೆ ಬೀಳುವುದನ್ನೆಲ್ಲ ಇಂಗಿನ ಬ್ರ್ಯಾಂಡಿನ ಸಮೇತ ಬರೆಯಿರಿ, ಯಾವುದನ್ನು ಯಾವ ಬಾಣಲೆಯಲ್ಲಿ ಕರಿಯುತ್ತೀರಿ ಎಂಬುದನ್ನೂ ಬರೆಯಿರಿ. ಬ್ರ್ಯಾಂಡ್ ಬದಲಾದ ದಿನವೇ ತಿದ್ದಿ. ಓದುಗರೇ, ನಿಮಗೋ ನಿಮ್ಮ ಮಗುವಿಗೋ ಒಂದು ಪದಾರ್ಥ ಆಗದಿದ್ದರೆ, ಅದು ಇಷ್ಟವಿಲ್ಲದ್ದಲ್ಲ, ತಿಂದರೆ ಅಪಾಯವಾಗುವಂಥದ್ದು ಎಂದು ಆರ್ಡರ್ ಕೊಡುವ ಮೊದಲೇ ಬಿಡಿಸಿ ಹೇಳಿ. ಸಾಂಬಾರಿನ ಇಂಗಿನಲ್ಲಿ ಮೈದಾ ಇದೆಯೇ ಎಂದು ಕೇಳಲು ಸಂಕೋಚ ಪಡಬೇಡಿ.