ಹೆಪ್ಪುಗಟ್ಟಿದ ಬಾಗಿಲು

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಿದೆ. ಮಾಗಿಯ ದಿನಗಳಲ್ಲಿ ಆ ಜಲಾಶಯದ ಸುತ್ತಲಿನ ಊರುಗಳ ಮುಂಜಾವು ನೋಡತಕ್ಕದ್ದು. ನೀರಿನ ಮೇಲೆ ಮಂಜು ತೆಳುವಾದ ಪರದೆಯಂತೆ ಹಬ್ಬಿರುತ್ತದೆ. ತೆಂಗಿನ ಗರಿಗಳ ತುದಿಯಿಂದ ಹನಿಗಳು ತೊಟ್ಟಿಕ್ಕುತ್ತಿರುತ್ತವೆ. ಹೊಲದಲ್ಲಿ ಅವರೆಯ ಗಿಡಗಳು ಇಬ್ಬನಿಯಲ್ಲಿ ನೆನೆದು ಸೊಗಡು ಬೀರುತ್ತಿರುತ್ತವೆ. ರಾತ್ರಿಯೆಲ್ಲ ಬಯಲಿನಲ್ಲಿ ನಿಂತಿದ್ದ ಕಾರಿನ ಗಾಜು, ಮಾಡು, ಬಾಗಿಲುಗಳೆಲ್ಲ ತೊಯ್ದುಹೋಗಿರುತ್ತವೆ. ಕಾರಿನ ಚಾಲಕನು ಕಂಬಳಿಯನ್ನೋ ಶಾಲನ್ನೋ ಹೊದ್ದು ಬರುತ್ತಾನೆ. ಹಳೆಯ ಬಟ್ಟೆಯೊಂದರಿಂದ ಗಾಜನ್ನು ಒರೆಸುತ್ತಾನೆ. ಬಾಗಿಲು ತೆರೆದು ಒಳಗೆ ಕುಳಿತು ಹೊರಟುಬಿಡುತ್ತಾನೆ. ನೀರು ಅವನಿಗೆ ಕೊಡುವ ತೊಂದರೆ ಅಷ್ಟಕ್ಕೇ ಮುಗಿಯುತ್ತದೆ. ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎಂದು ನಮ್ಮ ಜನ ನಗುತ್ತಾ ಹೇಳುವಷ್ಟು ನಮ್ಮ ನಾಡಿನ ಚಳಿ ಸೌಮ್ಯವಾದುದು.

ಮಳೆ ಬಾರದ ರಾತ್ರಿಯಲ್ಲಿ ಕಾರಿನ ಮೇಲೆ ಈ ನೀರು ಬಂದುದಾದರೂ ಎಲ್ಲಿಂದ? ಗಾಳಿಯಲ್ಲಿ ಸದಾ ಸ್ವಲ್ಪ ನೀರಾವಿ ಸೇರಿಯೇ ಇರುತ್ತದೆ. ಕೆರೆ, ಜಲಾಶಯಗಳ ಬಳಿಯಲ್ಲಿ ಅದು ಇನ್ನೂ ಹೆಚ್ಚು. ಮೋಡವಿಲ್ಲದ ರಾತ್ರಿಯಲ್ಲಿ ಕಾರಿನ ಲೋಹವೂ ಗಾಜೂ ತಮ್ಮ ಶಾಖವನ್ನು ಬಯಲಾದ ಆಕಾಶದ ಕಡೆಗೆ ಸೂಸಿ, ಸುತ್ತಲಿನ ಗಾಳಿಗಿಂತಲೂ ಬೇಗ ತಣ್ಣಗಾಗುತ್ತವೆ. ಹಾಗೆ ತಣ್ಣಗಾದ ಮೈಯನ್ನು ಮುಟ್ಟಿದ ಗಾಳಿಯು ತನ್ನಲ್ಲಿರುವ ನೀರಾವಿಯನ್ನೆಲ್ಲ ಹಿಡಿದಿಟ್ಟುಕೊಳ್ಳಲಾರದೆ ಹನಿಗಳ ರೂಪದಲ್ಲಿ ಬಿಟ್ಟುಕೊಡುತ್ತದೆ. ಇದೇ ಇಬ್ಬನಿ. ಉಷ್ಣತೆಯು ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿರುವವರೆಗೆ ಈ ಹನಿ ಹನಿಯಾಗಿಯೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ. ಅದು 1884ರ ಜನವರಿ 13ರ ಮಾತು. ಆದುದರಿಂದ ಈ ಭಾಗದ ಇಬ್ಬನಿಗೆ ಗಡ್ಡೆ ಕಟ್ಟುವ ಅವಕಾಶವೇ ಇಲ್ಲವೆನ್ನಬಹುದು.

ಆದರೆ ಹೆಚ್ಚು ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ನೀಲಗಿರಿಯ ಮೇಲೆ, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಉದಕಮಂಡಲದಲ್ಲಿ, ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ಕೆಲವು ಬೆಳಗುಗಳಲ್ಲಿ ಹುಲ್ಲುಹಾಸು ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿರುತ್ತದೆ. ಚಹದ ಚಿಗುರು ಸುಟ್ಟಂತೆ ಕಪ್ಪಾಗುವುದೂ ಉಂಟು. ಅಲ್ಲಿಂದ ಮುಂದೆ ಲಡಾಖಿಗೋ, ಕಡಲಾಚೆಯ ಉತ್ತರ ಅಮೆರಿಕಕ್ಕೋ ಹೋದರೆ ನೀರು ಕಲ್ಲಾಗುವುದು ಅಪೂರ್ವ ಸಂಗತಿಯಲ್ಲ. ಅದು ತಿಂಗಳುಗಟ್ಟಲೆ ನಡೆಯುವ ದಿನಚರಿ.

ಉತ್ತರ ಅಮೆರಿಕದ ಅಂತಹ ಚಳಿಯ ನಗರಗಳಲ್ಲಿ ಚಿಕಾಗೋ ಒಂದು. ಮೈಸೂರಿನಲ್ಲಿ ಹುಟ್ಟಿದ ಕವಿ ಹಾಗೂ ವಿದ್ವಾಂಸ ಎ. ಕೆ. ರಾಮಾನುಜನ್ ಅವರು ಸುಮಾರು ಮೂರು ದಶಕಗಳ ಕಾಲ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು. ಇಂದು ಆ ನಗರದಲ್ಲಿಯೂ ಅದರ ಸುತ್ತಮುತ್ತಲೂ ಅನೇಕ ಕನ್ನಡ ಕುಟುಂಬಗಳು ನೆಲೆಸಿವೆ. ಚಿಕಾಗೋದಲ್ಲಿ 1985ರ ಜನವರಿ 20ರಂದು ಉಷ್ಣತೆಯು ಸೊನ್ನೆಗಿಂತ ಕೆಳಗೆ ಸುಮಾರು 33 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿತ್ತು. 2019ರ ಜನವರಿ ಕೊನೆಯಲ್ಲಿ ಮತ್ತೆ 30 ಡಿಗ್ರಿಯಷ್ಟು ಕೆಳಗಿಳಿಯಿತು. ಅಂತಹ ಚಳಿಯಲ್ಲಿ ಗಾಳಿಯೂ ಬೀಸಿದರೆ ಹೊದಿಕೆಯಿಲ್ಲದ ಕಿವಿ, ಮೂಗು, ಬೆರಳುಗಳ ಚರ್ಮವು ಕೆಲವೇ ನಿಮಿಷಗಳಲ್ಲಿ ಮರಗಟ್ಟಿ ಹಾಳಾಗಬಹುದು. ಬೆಚ್ಚಗಿನ ನಾಡಿನಿಂದ ಹೊಸದಾಗಿ ಹೋದವರು ಮುಂಜಾನೆ ಕೆಲಸಕ್ಕೆ ಹೊರಟು ಕಾರಿನ ಬಾಗಿಲಿಗೆ ಕೈಹಾಕಿದಾಗ ಅದು ಬೆಸುಗೆ ಹಾಕಿದಂತೆ ಕಚ್ಚಿಕೊಂಡಿರುವುದನ್ನು ಕಂಡು ಬೆರಗಾಗುತ್ತಾರೆ. ಕೈಯಲ್ಲಿ ಬೀಗದ ಕೈ ಇದೆ, ಬೀಗವೂ ತೆರೆದಿದೆ, ಆದರೆ ಬಾಗಿಲು ಮಾತ್ರ ಅಲುಗಾಡದು.

ಈ ಬಾಗಿಲನ್ನು ಹಿಡಿದಿಟ್ಟುದು ಯಾವುದು? ಕಾರಿನ ಬಾಗಿಲು ಮುಚ್ಚಿದಾಗ ಮಳೆಯೂ ಗಾಳಿಯೂ ಒಳಗೆ ಬಾರದಿರಲೆಂದು ಅದರ ಅಂಚಿನುದ್ದಕ್ಕೂ ಮೆತ್ತನೆಯ ರಬ್ಬರಿನ ಪಟ್ಟಿಯನ್ನು ಕೂರಿಸಿರುತ್ತಾರೆ. ಮಳೆಯ ನೀರು, ಹಗಲಿನಲ್ಲಿ ಕರಗಿದ ಹಿಮದ ನೀರು, ಕಾರನ್ನು ತೊಳೆದಾಗ ಉಳಿದ ನೀರು ಈ ಪಟ್ಟಿಗೂ ಲೋಹದ ಚೌಕಟ್ಟಿಗೂ ನಡುವಿನ ಸಣ್ಣ ಸಂದಿಗಳಲ್ಲಿ ಸೇರಿಕೊಳ್ಳುತ್ತದೆ. ರಾತ್ರಿ ಚಳಿ ಏರಿದಂತೆ ಆ ನೀರು ಗಡ್ಡೆಯಾಗಿ ರಬ್ಬರನ್ನು ಲೋಹಕ್ಕೆ ಅಂಟಿಸಿಬಿಡುತ್ತದೆ. ಇತರ ಬಹುಪಾಲು ವಸ್ತುಗಳು ದ್ರವರೂಪದಿಂದ ಘನರೂಪಕ್ಕೆ ಬರುವಾಗ ಕುಗ್ಗುತ್ತವೆ. ನೀರು ಮಾತ್ರ ಹಿಗ್ಗುತ್ತದೆ. ನೂರು ಪಾಲು ನೀರು ಹೆಪ್ಪುಗಟ್ಟಿದಾಗ ಸುಮಾರು ನೂರ ಒಂಬತ್ತು ಪಾಲು ಜಾಗವನ್ನು ಬೇಡುತ್ತದೆ. ಆದುದರಿಂದಲೇ ಸಂದಿಯಲ್ಲಿ ಸೇರಿದ ನೀರು ಸಂದಿಯನ್ನು ಬಿಗಿಯಾಗಿ ತುಂಬಿಕೊಳ್ಳುತ್ತದೆ. ಬೀಗದ ರಂಧ್ರದೊಳಗೂ ಚಿಲಕದ ಒಳಗೂ ನಡೆಯುವುದು ಇದೇ. ಗಾಜಿನ ಮೇಲೆ ಕಾಣುವ ಬಿಳಿಯ ಹಿಮಕ್ಕಿಂತ ಕಣ್ಣಿಗೆ ಕಾಣದ ಈ ತೆಳುವಾದ ಪದರವೇ ಹೆಚ್ಚು ಉಪದ್ರವಕಾರಿ.

ಇಂತಹ ಸಮಯದಲ್ಲಿ ಮನುಷ್ಯನಿಗೆ ಮೊದಲು ತೋಚುವ ಉಪಾಯಗಳು ಎರಡು. ಬಲವಾಗಿ ಎಳೆಯುವುದು ಒಂದು. ಕುದಿಯುವ ನೀರನ್ನು ಸುರಿಯುವುದು ಮತ್ತೊಂದು. ಇವೆರಡೂ ತಪ್ಪು. ಬಲವಂತದಿಂದ ಎಳೆದರೆ ಬಾಗಿಲಿನ ಹಿಡಿ ಮುರಿದು ಕೈಗೆ ಬರಬಹುದು, ಇಲ್ಲವೇ ರಬ್ಬರಿನ ಪಟ್ಟಿ ಹರಿದುಹೋಗಬಹುದು. ಹರಿದ ಪಟ್ಟಿಯ ಮೂಲಕ ಮರುದಿನ ಇನ್ನಷ್ಟು ನೀರು ಒಳಸೇರುತ್ತದೆ. ಕುದಿಯುವ ನೀರನ್ನು ಸುರಿದರೆ ಗಾಜಿನ ಒಂದು ಭಾಗ ಹಠಾತ್ತನೆ ಕಾದು ಹಿಗ್ಗುತ್ತದೆ. ಪಕ್ಕದ ಭಾಗ ತಣ್ಣಗೇ ಇರುತ್ತದೆ. ಈ ಎಳೆದಾಟದಲ್ಲಿ ಗಾಜು ಸೀಳಿಬಿಡಬಹುದು. ಸುರಿದ ನೀರಾದರೂ ಎಲ್ಲಿ ಹೋಗುತ್ತದೆ? ಅದು ಮತ್ತೆ ಸಂದಿಗಳಿಗೇ ಇಳಿದು, ಸ್ವಲ್ಪ ಹೊತ್ತಿನಲ್ಲಿ ಮೊದಲಿಗಿಂತಲೂ ದಪ್ಪನಾದ ಗಡ್ಡೆಯಾಗಿ ಕೂರುತ್ತದೆ.

ಗಡ್ಡೆಯನ್ನು ಕರಗಿಸುವುದು ಏಕೆ ಅಷ್ಟು ಕಷ್ಟವೆಂಬುದನ್ನು ವಿಜ್ಞಾನ ತಿಳಿಸುತ್ತದೆ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕ್ಯಾಲೊರಿ ಶಾಖ ಸಾಕು. ಆದರೆ ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆಯನ್ನು ಅದೇ ಸೊನ್ನೆ ಡಿಗ್ರಿಯ ನೀರನ್ನಾಗಿ ಮಾಡಲು ಸುಮಾರು 80 ಕ್ಯಾಲೊರಿ ಬೇಕು. ಇಷ್ಟೊಂದು ಶಾಖವನ್ನು ನುಂಗಿದರೂ ಅದರ ಉಷ್ಣತೆ ಒಂದಿಷ್ಟೂ ಏರುವುದಿಲ್ಲ. ಇದನ್ನೇ ಗುಪ್ತೋಷ್ಣವೆಂದು ಕರೆಯುತ್ತಾರೆ. ಹೊರಗಿನ ಗಾಳಿ ಸೊನ್ನೆಗಿಂತ ಬಹಳ ಕೆಳಗಿರುವಾಗ ಕೊಟ್ಟ ಶಾಖವೂ ಗಾಳಿಯ ಪಾಲಾಗುತ್ತದೆ. ಹೀಗಿರುವಾಗ ಬಾಯಿಯ ಉಸಿರಿನಿಂದ ಬೀಗವನ್ನು ಕರಗಿಸಲು ಹೊರಡುವುದು ವ್ಯರ್ಥ. ಉಸಿರಿನಲ್ಲಿರುವ ತೇವವೇ ಅಲ್ಲಿ ಹೊಸ ಗಡ್ಡೆಯಾಗುತ್ತದೆ. ತುಟಿ ತಣ್ಣನೆಯ ಲೋಹಕ್ಕೆ ತಗುಲಿದರೆ ಅಲ್ಲಿಯೇ ಅಂಟಿಕೊಂಡು ಗಾಯವಾಗುವ ಅಪಾಯವೂ ಇದೆ.

ಕರಗಿಸುವುದು ಕಷ್ಟವಾದರೂ ಒಡೆಯುವುದು ಸುಲಭ. ಮಂಜುಗಡ್ಡೆ ಗಟ್ಟಿಯಾದ ವಸ್ತುವೇ ಹೌದು. ಆದರೆ ಅದು ಪೆಡಸು. ಬಳಕುವ ಗುಣ ಅದಕ್ಕಿಲ್ಲ. ರಬ್ಬರಾದರೋ ಒತ್ತಿದರೆ ಒಳಗೆ ಸರಿಯುತ್ತದೆ. ಈ ಎರಡು ಗುಣಗಳ ವ್ಯತ್ಯಾಸವನ್ನು ಅರಿತವನು ಬಾಗಿಲನ್ನು ಎಳೆಯುವುದಿಲ್ಲ. ಅದನ್ನು ಒಳಮುಖವಾಗಿ ಒತ್ತುತ್ತಾನೆ. ತನ್ನ ಮೈಯ ಭಾರವನ್ನು ಬಾಗಿಲಿನ ಮೇಲೆ ಹೊರಿಸಿ, ಅಂಚಿನುದ್ದಕ್ಕೂ ಅಲ್ಲಲ್ಲಿ ಒತ್ತುತ್ತಾ ಬಂದರೆ ರಬ್ಬರು ತುಸು ತಗ್ಗುತ್ತದೆ. ಅದಕ್ಕೆ ಅಂಟಿದ ಗಡ್ಡೆ ತಗ್ಗಲಾರದೆ ಬಿರುಕು ಬಿಡುತ್ತದೆ. ಸಣ್ಣಗೆ ಚಟಚಟನೆ ಸದ್ದು ಕೇಳಿಸುವುದೂ ಉಂಟು. ಬಳಿಕ ಬಾಗಿಲನ್ನು ಮೆಲ್ಲನೆ ಎಳೆದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಉಳಿದ ಬಾಗಿಲುಗಳನ್ನೂ ಪರೀಕ್ಷಿಸಬೇಕು. ಗಾಳಿಗೆ ಮರೆಯಾದ ಅಥವಾ ಎಳೆಬಿಸಿಲು ಬಿದ್ದ ಕಡೆಯ ಬಾಗಿಲು ಅಷ್ಟು ಬಿಗಿಯಾಗಿರುವುದಿಲ್ಲ. ಯಾವುದಾದರೊಂದು ಬಾಗಿಲಿನಿಂದ ಒಳಹೊಕ್ಕು ಕಾರಿನ ಶಾಖಯಂತ್ರವನ್ನು ನಡೆಸಿದರೆ ಮಿಕ್ಕ ಬಾಗಿಲುಗಳು ಒಳಗಿನಿಂದಲೇ ಸಡಿಲವಾಗುತ್ತವೆ.

ಇದಕ್ಕೂ ಬಗ್ಗದಿದ್ದರೆ ರಸಾಯನಶಾಸ್ತ್ರದ ನೆರವು ಉಂಟು. ಮದ್ಯಸಾರವು ನೀರಿನಂತೆ ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಐಸೊಪ್ರೊಪೈಲ್ ಮದ್ಯಸಾರ ಗಟ್ಟಿಯಾಗಬೇಕಾದರೆ ಉಷ್ಣತೆಯು ಸೊನ್ನೆಗಿಂತ ಕೆಳಗೆ 80 ಡಿಗ್ರಿಯನ್ನೂ ದಾಟಬೇಕು. ಇದು ಗಡ್ಡೆಯೊಡನೆ ಬೆರೆತಾಗ ನೀರಿನ ಘನೀಭವನ ಬಿಂದು ಕೆಳಗಿಳಿಯುತ್ತದೆ. ಗಡ್ಡೆ ಆ ಚಳಿಯಲ್ಲಿಯೇ ಕರಗತೊಡಗುತ್ತದೆ. ಆದುದರಿಂದ ಮದ್ಯಸಾರ ಬೆರೆತ ದ್ರವವನ್ನು ಬೀಗಕ್ಕೂ ಬಾಗಿಲಿನ ಅಂಚಿಗೂ ಸಿಂಪಡಿಸುತ್ತಾರೆ. ಆ ಸೀಸೆಯನ್ನು ಕಾರಿನೊಳಗೆ ಬಿಟ್ಟು ಬೀಗ ಹಾಕಿದವನ ಪಾಡು ಹೇಳತೀರದು! ಅದು ಮನೆಯಲ್ಲಿಯೋ ಅಂಗಿಯ ಜೇಬಿನಲ್ಲಿಯೋ ಇರಬೇಕಾದ ವಸ್ತು. ಬೇಗ ಹೊತ್ತಿಕೊಳ್ಳುವ ವಸ್ತುವೂ ಆದುದರಿಂದ ಬೆಂಕಿಯ ಬಳಿಗೆ ಅದನ್ನು ಒಯ್ಯಬಾರದು. ಉಪ್ಪುನೀರಿಗೂ ಗಡ್ಡೆಯನ್ನು ಕರಗಿಸುವ ಗುಣವಿದೆಯಾದರೂ ಅದು ಲೋಹಕ್ಕೆ ತುಕ್ಕು ಹಿಡಿಸುತ್ತದೆ.

ಬಾಗಿಲು ತೆರೆದ ಮೇಲೂ ಒಂದು ಎಚ್ಚರಿಕೆ ಅಗತ್ಯ. ಚಳಿಗೆ ಹೆದರಿ, ಮುಚ್ಚಿದ ಗ್ಯಾರೇಜಿನೊಳಗೆ ಕಾರಿನ ಎಂಜಿನನ್ನು ಓಡಿಸುತ್ತಾ ಕುಳಿತುಕೊಳ್ಳುವುದು ಪ್ರಾಣಾಂತಿಕ. ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಸೇರಿ, ಆಮ್ಲಜನಕವು ಮೈಗೆ ತಲುಪದಂತೆ ತಡೆಯುತ್ತದೆ. ಮೊದಲು ತಲೆನೋವು, ಮಂಪರು. ಅನಂತರ ಎಚ್ಚರ ತಪ್ಪುತ್ತದೆ. ಬಯಲಿನಲ್ಲಿ ನಿಂತ ಕಾರಿನ ಹೊಗೆಕೊಳವೆಯನ್ನು ಹಿಮ ಮುಚ್ಚಿದ್ದರೂ ಇದೇ ಅಪಾಯ ಒದಗುತ್ತದೆ. ಆದುದರಿಂದ ಎಂಜಿನನ್ನು ಚಾಲನೆ ಮಾಡುವ ಮೊದಲು ಕಾರಿನ ಹಿಂಬದಿಗೆ ಹೋಗಿ ಕೊಳವೆಯ ಬಾಯಿಯನ್ನು ನೋಡುವುದು ಅಲ್ಲಿನ ವಿವೇಕಿಗಳ ರೂಢಿ.

ಇಷ್ಟೆಲ್ಲ ಪರಿಹಾರಗಳಿಗಿಂತಲೂ ಮೇಲಾದುದು ಮುನ್ನೆಚ್ಚರಿಕೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಹೆಪ್ಪುಗಟ್ಟಿದ ಬಾಗಿಲಿನ ವಿಷಯದಲ್ಲಿಯೂ ಬೆಳಗಿನ ಹೋರಾಟಕ್ಕಿಂತ ಹಿಂದಿನ ಸಂಜೆಯ ಐದು ನಿಮಿಷಗಳ ಕೆಲಸವೇ ಲೇಸು. ನೀರಿಲ್ಲದ ಕಡೆ ಗಡ್ಡೆಯಿಲ್ಲ. ಒಣಬಟ್ಟೆಯಿಂದ ರಬ್ಬರಿನ ಪಟ್ಟಿಯನ್ನೂ ಚೌಕಟ್ಟನ್ನೂ ಚೆನ್ನಾಗಿ ಒರೆಸಬೇಕು. ಸಿಲಿಕೋನ್ ಲೇಪವನ್ನು ತೆಳುವಾಗಿ ಸವರಿದರೆ ನೀರು ಪಟ್ಟಿಗೆ ಅಂಟದೆ ಜಾರಿಹೋಗುತ್ತದೆ. ಕೈಗೆ ಸಿಕ್ಕಿದ ಎಂಜಿನ್ ಎಣ್ಣೆಯನ್ನು ಬಳಿಯಬಾರದು. ಅದರಿಂದ ರಬ್ಬರು ಕೆಡುತ್ತದೆ. ಸಾಧ್ಯವಾದರೆ ಕಾರನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರೆ ಮುಂಜಾನೆಯ ಬಿಸಿಲೇ ಮುಂದಿನ ಗಾಜಿನ ಹಿಮವನ್ನು ಕರಗಿಸುವ ಆಳಾಗುತ್ತದೆ.

ನೀರು ಎಲ್ಲ ಕಡೆಯೂ ಒಂದೇ. ಅದರ ಸ್ವಭಾವವೂ ಒಂದೇ. ಅದನ್ನು ಅರಿತು ನಡೆದುಕೊಂಡರೆ ಏನನ್ನು ಸಾಧಿಸಬಹುದೆಂಬುದಕ್ಕೆ ಮಾರ್ಕೋನಹಳ್ಳಿಯ ಅಣೆಕಟ್ಟೆಯೇ ನಿದರ್ಶನ. ಅಲ್ಲಿ ಹೆಚ್ಚಾದ ನೀರನ್ನು ಹೊರಬಿಡಲು ಸ್ವಯಂಚಾಲಿತ ಸೈಫನ್‌ಗಳಿವೆ. ನೀರಿನ ಮಟ್ಟ ಒಂದು ಎಲ್ಲೆಯನ್ನು ದಾಟಿದೊಡನೆ ಅದು ಬಾಗಿದ ಮಾರ್ಗದೊಳಗೆ ಉಕ್ಕಿ, ಅಲ್ಲಿದ್ದ ಗಾಳಿಯನ್ನು ಹೊರದೂಡಿ, ಮಾರ್ಗವನ್ನೆಲ್ಲ ತುಂಬಿಕೊಂಡು ರಭಸದಿಂದ ಹರಿಯತೊಡಗುತ್ತದೆ. ಮಟ್ಟ ಇಳಿದಾಗ ಗಾಳಿ ಒಳನುಗ್ಗಿ ಹರಿವು ನಿಲ್ಲುತ್ತದೆ. ಬಾಗಿಲನ್ನು ಎತ್ತಿಳಿಸುವ ಕೈಯ ಅವಶ್ಯಕತೆಯೇ ಅಲ್ಲಿಲ್ಲ. ಆದರೆ ಈ ಮರ್ಮವನ್ನು ತಿಳಿಯದೆ ಮಳೆಗಾಲದಲ್ಲಿ ಅಣೆಕಟ್ಟೆಯ ಕೆಳಗಿನ ಹೊಳೆಗೆ ಇಳಿದವನಿಗೆ ಅದೇ ನೀರು ಮೃತ್ಯುವಾಗಬಹುದು.

ಕುಣಿಗಲ್ಲಿನ ಹೊಳೆಯಾಗಲಿ, ಚಿಕಾಗೋದ ಮಂಜುಗಡ್ಡೆಯಾಗಲಿ ಮನುಷ್ಯನ ಮೇಲೆ ಹಗೆ ಸಾಧಿಸುವುದಿಲ್ಲ, ಅವನಿಗೆ ಒಲಿಯುವುದೂ ಇಲ್ಲ. ಅದು ತನ್ನ ನಿಯಮದಂತೆ ನಡೆಯುತ್ತದೆ. ಆ ನಿಯಮವನ್ನು ಅರಿಯದವನು ಹಿಡಿಯನ್ನು ಮುರಿದು ಚಳಿಯಲ್ಲಿ ನಿಲ್ಲುತ್ತಾನೆ. ಅರಿತವನು ಎಳೆಯಬೇಕಾದ ಬಾಗಿಲನ್ನು ಮೊದಲು ಒಳಕ್ಕೆ ಒತ್ತುತ್ತಾನೆ. ಶಕ್ತಿಗಿಂತ ಯುಕ್ತಿ ಮೇಲೆಂಬ ಹಿರಿಯರ ಮಾತಿಗೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಾಗಿಲ್ಲ.