‘ಸುಲ್ತಾನಾ’ ನೌಕೆಯ ದುರಂತ

ಒಲೆಯ ಮೇಲಿನ ಅನ್ನದ ಪಾತ್ರೆಯ ಮುಚ್ಚಳವನ್ನು ಉಗಿಯು ಎತ್ತಿ ಕುಣಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ನೀರು ಕುದಿದು ಉಗಿಯಾದಾಗ ಅದರ ಗಾತ್ರವು 1,600 ಪಟ್ಟಿಗೂ ಮೀರಿ ಹಿಗ್ಗುತ್ತದೆ. ಹಿಗ್ಗಲು ಎಡೆಗೊಡದೆ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಬಂಧಿಸಿದರೆ, ಆ ಪಾತ್ರೆಯ ಗೋಡೆಗಳನ್ನು ಎಲ್ಲ ಕಡೆಗಳಿಂದಲೂ ಒತ್ತತೊಡಗುತ್ತದೆ. ಈ ಒತ್ತಡವೇ 19ನೆಯ ಶತಮಾನದಲ್ಲಿ ಗಿರಣಿಗಳನ್ನು ತಿರುಗಿಸಿತು, ರೈಲುಗಾಡಿಗಳನ್ನು ಎಳೆಯಿತು, ದೊಡ್ಡ ನದಿಗಳಲ್ಲಿ ಪ್ರವಾಹಕ್ಕೆ ಎದುರಾಗಿ ಹಡಗುಗಳನ್ನು ನಡೆಸಿತು. ಉಗಿಯನ್ನು ಹೀಗೆ ಬಂಧಿಸುವ ಪಾತ್ರೆಗೆ ಬಾಯ್ಲರು ಎಂದು ಹೆಸರು. ಅದರ ನಿಯಮಗಳನ್ನು ಮೀರಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ‘ಸುಲ್ತಾನಾ’ ಎಂಬ ನೌಕೆಯ ಕಥೆಯೇ ಸಾಕ್ಷಿ.

‘ಸುಲ್ತಾನಾ’ 1863ರಲ್ಲಿ ಸಿದ್ಧವಾದ ಮರದ ಉಗಿನೌಕೆ. ಅದರ ಎರಡು ಪಕ್ಕಗಳಲ್ಲಿಯೂ ನೀರನ್ನು ಮೊಗೆದು ತಳ್ಳುವ ದೊಡ್ಡ ಚಕ್ರಗಳಿದ್ದವು. ಒಟ್ಟು 376 ಜನರನ್ನು ಒಯ್ಯಲು ಅದಕ್ಕೆ ಅನುಮತಿಯಿತ್ತು. 1865ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಅಂತರ್ಯುದ್ಧವು ಮುಗಿಯುತ್ತಲಿತ್ತು. ದಕ್ಷಿಣದವರ ಸೆರೆಯಲ್ಲಿ ಹಸಿವು ರೋಗಗಳಿಂದ ಬಡಕಲಾಗಿದ್ದ ಉತ್ತರದ ಸೈನಿಕರು ಬಿಡುಗಡೆ ಹೊಂದಿ, ಊರಿಗೆ ಮರಳಲು ಮಿಸಿಸಿಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ನಗರದಲ್ಲಿ ಕಾದಿದ್ದರು. ಅವರನ್ನು ಸಾಗಿಸುವ ಹಡಗಿಗೆ ಸರ್ಕಾರವು ತಲೆಯೊಂದಕ್ಕೆ ಇಷ್ಟೆಂದು ಹಣ ಕೊಡುತ್ತಿತ್ತು. ತಲೆಗಳು ಹೆಚ್ಚಿದಷ್ಟೂ ಹಣ ಹೆಚ್ಚು!

‘ಸುಲ್ತಾನಾ’ ವಿಕ್ಸ್‌ಬರ್ಗನ್ನು ತಲುಪುವ ವೇಳೆಗೆ ಅದರ ನಾಲ್ಕು ಬಾಯ್ಲರುಗಳಲ್ಲಿ ಒಂದು ಸೋರುತ್ತಿತ್ತು. ಅದರ ತಗಡು ಒಂದೆಡೆ ಉಬ್ಬಿಕೊಂಡಿತ್ತು. ಪರೀಕ್ಷಿಸಿದ ಕುಶಲಕರ್ಮಿಯು ಕೆಟ್ಟ ತಗಡುಗಳನ್ನು ತೆಗೆದು ಹೊಸದನ್ನು ಕೂಡಿಸಬೇಕೆಂದನು. ಅದಕ್ಕೆ ಕೆಲವು ದಿನಗಳು ಹಿಡಿಯುತ್ತಿದ್ದವು; ಅಷ್ಟರಲ್ಲಿ ಪ್ರಯಾಣಿಕರು ಬೇರೆ ಹಡಗುಗಳ ಪಾಲಾಗುವರೆಂಬ ಭಯ ಕಪ್ತಾನ ಮೇಸನ್ನನಿಗೆ. ಪೂರ್ಣ ದುರಸ್ತಿಯನ್ನು ಸೇಂಟ್ ಲೂಯಿಸ್ ನಗರದಲ್ಲಿ ಮಾಡಿಸಿದರಾಯಿತೆಂದು ಅವನು ತೆಳುವಾದ ತೇಪೆಯೊಂದನ್ನು ಹಾಕಿಸಿ ತೃಪ್ತನಾದನು. ಏಪ್ರಿಲ್ 24ರಂದು ನೌಕೆ ಹೊರಟಾಗ ಅದರಲ್ಲಿ 2,000ಕ್ಕೂ ಹೆಚ್ಚು ಜನರಿದ್ದರು. ಭಾರಕ್ಕೆ ಅಟ್ಟಗಳು ಜಗ್ಗಿದ್ದರಿಂದ ಕೆಳಗೆ ಆಸರೆಯ ಕಂಬಗಳನ್ನು ಕೊಡಬೇಕಾಯಿತು.

ಇಲ್ಲಿ ಬಾಯ್ಲರಿನ ರಚನೆಯನ್ನು ಸ್ವಲ್ಪ ತಿಳಿಯೋಣ. ಬೆಂಕಿಗೆ ತಗಲುವ ಕಬ್ಬಿಣದ ಆಚೆಬದಿಯಲ್ಲಿ ನೀರಿರುವವರೆಗೂ ಆ ನೀರು ಶಾಖವನ್ನು ಹೀರುತ್ತ ಕಬ್ಬಿಣವನ್ನು ಕಾಯುತ್ತದೆ. ನೀರು ತಗ್ಗಿದರೆ ಕಬ್ಬಿಣವು ಕೆಂಪಗೆ ಕಾದು ಬಲಗುಂದುತ್ತದೆ. ‘ಸುಲ್ತಾನಾ’ದ ಬಾಯ್ಲರುಗಳೊಳಗೆ ಬಿಸಿ ಹೊಗೆ ಹಾಯುವ ಕೊಳವೆಗಳು ಒತ್ತಾಗಿದ್ದವು. ಮಿಸಿಸಿಪಿಯ ನೀರು ರಾಡಿ; ಅದರ ಕೆಸರು ಕೊಳವೆಗಳ ನಡುವೆ ಹೆಪ್ಪುಗಟ್ಟಿದರೆ ಅಲ್ಲಿಗೂ ನೀರು ತಲುಪದು. ಇನ್ನೊಂದು ಅಪಾಯವೂ ಇತ್ತು. ನಾಲ್ಕು ಬಾಯ್ಲರುಗಳು ಪಕ್ಕಪಕ್ಕದಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು. ಮೇಲ್ಭಾರವಾದ ನೌಕೆಯು ಒಂದು ಕಡೆಗೆ ವಾಲಿದಾಗ ನೀರು ತಗ್ಗಿನ ಬಾಯ್ಲರಿಗೆ ಹರಿದು, ಎತ್ತರದ್ದು ಬತ್ತುತ್ತದೆ. ನೌಕೆ ನೆಟ್ಟಗಾದೊಡನೆ ಆ ನೀರು ಕಾದ ಕಬ್ಬಿಣದ ಮೇಲೆ ಮರಳಿ ನುಗ್ಗಿ ಒಮ್ಮೆಲೆ ಉಗಿಯಾಗುತ್ತದೆ.

ಏಪ್ರಿಲ್ 27ರ ನಸುಕಿನಲ್ಲಿ, ಸುಮಾರು 2 ಗಂಟೆಗೆ, ಮೆಂಫಿಸ್ ನಗರವನ್ನು ದಾಟಿ ಕೆಲವು ಮೈಲಿಗಳ ಮೇಲೆ ಬಾಯ್ಲರುಗಳು ಸಿಡಿದವು. ಮೂರು ಬಾಯ್ಲರುಗಳು ಒಡೆದು ನೌಕೆಯ ಮಧ್ಯಭಾಗವೇ ಹಾರಿಹೋಯಿತು. ಹೊಗೆಗೂಡುಗಳು ಉರುಳಿದವು, ಒಲೆಯ ಕೆಂಡಗಳು ಚೆದರಿ ಮರದ ನೌಕೆಗೆ ಬೆಂಕಿ ಹತ್ತಿತು. ಕೆಳಗೆ ಮಂಜು ಕರಗಿ ಬಂದ ಕೊರೆಯುವ ಮಹಾಪೂರ, ಹಿಂದೆ ಜ್ವಾಲೆ. ಸೆರೆಮನೆಯನ್ನು ಗೆದ್ದು ಬಂದಿದ್ದ ಆ ದುರ್ಬಲರಲ್ಲಿ ಎಷ್ಟೋ ಮಂದಿಗೆ ಈಜಲೂ ಬಲವಿರಲಿಲ್ಲ. ನಿನ್ನೆಯವರೆಗೆ ಶತ್ರುಪಕ್ಷದಲ್ಲಿ ಕಾದಾಡಿದ್ದ ದಂಡೆಯ ಜನರೂ ನೀರಿಗಿಳಿದು ಹಲವರನ್ನು ಬದುಕಿಸಿದರೆಂಬುದು ಈ ಕಥೆಯಲ್ಲಿ ನೆನೆಯತಕ್ಕ ಮಾತು. ಆದರೂ 1,100ಕ್ಕಿಂತ ಹೆಚ್ಚು ಜನರು ಸತ್ತರು. 1,700ಕ್ಕೂ ಮಿಗಿಲೆನ್ನುವ ಲೆಕ್ಕಗಳೂ ಉಂಟು. ಕಪ್ತಾನನೂ ಉಳಿಯಲಿಲ್ಲ. ಅಧ್ಯಕ್ಷ ಲಿಂಕನ್ನರ ಕೊಲೆಯ ವಾರ್ತೆಯಲ್ಲಿಯೇ ದೇಶವು ಮುಳುಗಿದ್ದುದರಿಂದ ಪತ್ರಿಕೆಗಳಲ್ಲಿ ಈ ದುರಂತಕ್ಕೆ ದೊರೆತ ಸ್ಥಳವೂ ಅಲ್ಪ. ವಿಚಾರಣೆಯಲ್ಲಿ ಒಬ್ಬ ಅಧಿಕಾರಿಯನ್ನು ತಪ್ಪಿತಸ್ಥನೆಂದರೂ ಆ ತೀರ್ಪು ಬಳಿಕ ರದ್ದಾಯಿತು. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಇಂಥ ಅಪಘಾತಗಳಿಂದ ಲೋಕವು ನಿಧಾನವಾಗಿ ಪಾಠ ಕಲಿಯಿತು. 1871ರಲ್ಲಿ ಅಮೆರಿಕವು ಉಗಿನೌಕೆಗಳ ತಪಾಸಣೆಯ ಕಾನೂನನ್ನು ಬಿಗಿಗೊಳಿಸಿತು. ನಮ್ಮ ದೇಶದಲ್ಲಿಯೂ 1863ರಲ್ಲಿ ಕಲ್ಕತ್ತೆಯಲ್ಲಾದ ಬಾಯ್ಲರು ಸ್ಫೋಟದ ತರುವಾಯ ತಪಾಸಣೆಯ ಅಗತ್ಯವು ಮನಗಾಣಲ್ಪಟ್ಟಿತು. 1923ರಲ್ಲಿ ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವಂತೆ ಬಾಯ್ಲರು ಕಾನೂನು ಬಂದಿತು.

‘ಅತಿ ಆಸೆ ಗತಿ ಕೇಡು’ ಎಂದು ನಮ್ಮ ಹಿರಿಯರು ಹೇಳುವರು. ಸೋರಿದ ಹನಿಯೂ ಉಬ್ಬಿದ ತಗಡೂ ಮುಂಚೆಯೇ ಎಚ್ಚರಿಕೆ ಕೊಟ್ಟಿದ್ದವು. ಆ ಕುಶಲಕರ್ಮಿಯ ಮಾತಿಗೆ ಕೆಲವು ದಿನಗಳ ಬೆಲೆಯನ್ನು ಕೊಟ್ಟಿದ್ದರೆ ಆ ಸೈನಿಕರು ತಮ್ಮ ಮನೆಗಳನ್ನು ಸೇರುತ್ತಿದ್ದರು. ನಾಳೆ ನಮ್ಮಲ್ಲಿ ಅನೇಕರು ಯಂತ್ರಗಳ ಬಳಿ ದುಡಿಯಲಿದ್ದೇವೆ. ‘ಇದು ಕೆಟ್ಟಿದೆ, ನಿಲ್ಲಿಸಿರಿ’ ಎಂದು ಹೇಳುವ ಧೈರ್ಯವೂ, ಹಾಗೆ ಹೇಳಿದವನ ಮಾತನ್ನು ಕೇಳುವ ತಾಳ್ಮೆಯೂ ನಮಗೆ ಬರಲಿ.